ಏಳು ಮೊದಲೋ ಆರು ಮೊದಲೋ

ಮೇ 18

ಪ್ರೀತಿಯ ಅತ್ತೆಗೆ,

ಫೋನೆಂದರೆ ನಿಮಗೆ ಆಗುವುದಿಲ್ಲ, ಗೊತ್ತು. ನಿಮ್ಮ ಮಗ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಮೇಲೆ ನೀವು ಅದನ್ನು ಮತ್ತೆ ಕಿವಿಗಿಟ್ಟದ್ದು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಳೆದ ಸಲ ನಿಮ್ಮ ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟು ಬಂದಿದ್ದೆ, ಹಾಗೇ ಇದೆ ತಾನೆ?

ಗಡಿ ದಾಟಿ ಈ ಆಸ್ಪತ್ರೆಗೆ ಬಂದು ಎರಡು ವರ್ಷವಾಗುತ್ತ ಬಂತು. ದಿನವಿಡೀ ಕಂಡವರ ಮಂಡಿ ಮಡಚಿ, ಬೆನ್ನು ಬಗ್ಗಿಸಿ ವ್ಯಾಯಾಮ ಮಾಡಿಸುತ್ತೇನೆ. ಮನೆಗೆ ಬಂದರೆ ನನ್ನ ಬೆನ್ನನ್ನು ಕೇಳುವವರಿಲ್ಲ. ನಿಮ್ಮ ಮೊಮ್ಮಗಳು ಮೆಣಸು ಹೆಸರಿಗೆ ತಕ್ಕ ಹಾಗೆಯೇ ಇದ್ದಾಳೆ. ಮೊನ್ನೆ ಶಾಲೆಯಲ್ಲಿ ಮೇಷ್ಟರಿಗೇ ಎದುರು ಮಾತಾಡಿ ಬಂದಿದ್ದಾಳೆ.

ಕಡೆಗೂ ರಜೆ ಸಿಕ್ಕಿತು. ಬರುವ ದಿನವನ್ನು ನನ್ನ ಕ್ಯಾಲೆಂಡರಿನಿಂದ ಹಾಗೇ ಎತ್ತಿ ಇಲ್ಲಿಟ್ಟಿದ್ದೇನೆ: 7/6. ರೈಲು ಬೆಳಗ್ಗೆ ಹತ್ತಕ್ಕೆ ನಿಮ್ಮೂರು ಮುಟ್ಟುತ್ತದೆ. ಒಂದು ವಾರ ನಿಮ್ಮ ಜೊತೆಗಿರುತ್ತೇವೆ. ನಿಮ್ಮ ಹತ್ತಿರ ಹೇಳುವ ವಿಷಯವೊಂದಿದೆ. ಬರೆಯುವಂಥದ್ದಲ್ಲ, ಎದುರು ಕೂತು ಹೇಳುತ್ತೇನೆ.

ನಿಮ್ಮ ಸೊಸೆ


ಮೇ 20

ಚಿರಂಜೀವಿ ಸೊಸೆಗೆ,

ಓದಿ ಸಂತೋಷವಾಯಿತು. ನೀನು ಬರೆದ ಆ ಅಂಕಿಯ ಕೆಳಗೆ ನೀಲಿ ಗೆರೆ ಕಾಣಿಸಿತು. ಏನೋ ಎಂದು ಮುಟ್ಟಿದೆ. ಕ್ಯಾಲೆಂಡರು ತಾನಾಗಿ ತೆರೆದುಕೊಂಡು ದಿನವನ್ನು ಬರೆದುಕೊಂಡೇ ಬಿಟ್ಟಿತು. ಮನುಷ್ಯರಿಗೆ ಹತ್ತು ಸಲ ಹೇಳಬೇಕು, ಇದಕ್ಕೆ ಬೆರಳು ಸೋಕಿದರೆ ಸಾಕು.

ಅಂಗಡಿಯಲ್ಲಿ ಕೆಲಸ ಕೈತುಂಬ ಇದೆ. ದಪ್ಪಗಾದವರ ಉಡುಪಿನ ಹೊಲಿಗೆ ಬಿಚ್ಚುವುದು, ಸಣ್ಣಗಾದವರದ್ದು ಒಳಗೆ ಹಿಡಿಯುವುದು. ಇದ್ದ ಹಾಗೆ ಇರುವವರು ಯಾರೂ ನನ್ನ ಬಾಗಿಲಿಗೆ ಬರುವುದಿಲ್ಲ. ಮೆಣಸಿನ ಅಳತೆ ನನ್ನಲ್ಲಿರುವುದು ಹಳೆಯದು. ಎರಡು ಬೆರಳು ಹೆಚ್ಚಿಗೆ ಬಿಟ್ಟು ಒಂದು ಫ್ರಾಕು ಹೊಲಿಯುತ್ತಿದ್ದೇನೆ, ಅವಳಿಗೆ ಹೇಳಬೇಡ.

ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಕೂತಿದೆ. ಮೂರು ಮಹಡಿ ಹತ್ತಬೇಕು. ಸಾಮಾನು ಕಡಿಮೆ ತಾ.

ವಿಷಯ ಏನೇ ಇರಲಿ, ಮೊದಲು ಬಾ.

ನಿನ್ನ ಅತ್ತೆ


ಜೂನ್ 8
(ಅತ್ತೆ ಬರೆದದ್ದು, ಕಳಿಸಲಿಲ್ಲ)

ಸೊಸೆಗೆ,

ನಿನ್ನೆ ಏನಾಯಿತು ಎಂದು ನಾನು ಕೇಳಬೇಕೋ, ನೀನಾಗಿ ಹೇಳುತ್ತೀಯೋ? ಬೆಳಗ್ಗೆ ಬೇಗ ಎದ್ದು ಮನೆ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ಬಾಗಿಲು ತೆರೆದೆ. ಎದುರು ಮನೆಯ ಪಿಟೀಲು ಮೇಷ್ಟ್ರು ಎರಡು ಸಲ ನನ್ನ ಮುಖ ನೋಡಿ, ಮೂರನೇ ಸಲ ಬೇಕೆಂದೇ ಕೆಮ್ಮಿಕೊಂಡು ಹತ್ತಿದರು, ನಾನು ಮೋಸ ಹೋಗದಿರಲಿ ಎಂದು. ಅಡಿಗೆ ಬಿಸಿ ಮಾಡಿ ಮಾಡಿ ತಳ ಹಿಡಿಯಿತು. ಮಧ್ಯಾಹ್ನ ತಡೆಯಲಾರದೆ ಸ್ಟೇಷನ್ನಿಗೆ ಹೋದೆ. ನಿಮ್ಮ ಕಡೆಯ ಮಧ್ಯಾಹ್ನದ ರೈಲೂ ಬಂದು, ಜನರನ್ನು ಇಳಿಸಿ, ಖಾಲಿಯಾಗಿ ನಿಂತಿತ್ತು. ಒಬ್ಬ ಹುಡುಗಿಯನ್ನು ಹಿಂದಿನಿಂದ ನೋಡಿ ಮೆಣಸು ಎಂದುಕೊಂಡು ಭುಜ ಮುಟ್ಟಿದೆ. ಅವಳ ತಾಯಿ ನನ್ನನ್ನು ನೋಡಿದ ನೋಟ ಬೇಡ.

ಹೋದ ತಿಂಗಳು ಮೆಣಸು ಕಳಿಸಿದ ವಿಡಿಯೋದಲ್ಲಿ 'ಲಿಫ್ಟ್ ಮಾಮ ಸೈಕಲ್ ಹಿಡ್ಕೊಂಡ್ರು ಅಜ್ಜಿ' ಎಂದಳು. ಹಿಂದಿನಿಂದ ಒಬ್ಬ ಗಂಡಸಿನ ನಗು ಕೇಳಿಸಿತು. ಹೇಳಬೇಕೆಂದ ವಿಷಯ ಅದೇ ತಾನೆ? ಹಳೆಯ ಅತ್ತೆಯ ಮನೆಗೆ ಏನು ಹೋಗುವುದು ಎಂದು ಅವನು ಅಂದನೋ, ಇಲ್ಲ ನಿನಗೇ


ಜೂನ್ 19

ಪ್ರೀತಿಯ ಅತ್ತೆಗೆ,

ಪತ್ರ ಬರೆದು ಬಹಳ ದಿನವಾಯಿತು, ಬೇಸರ ಮಾಡಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಇಬ್ಬರು ಕೆಲಸ ಬಿಟ್ಟರು, ಅವರ ರೋಗಿಗಳೂ ನನ್ನ ತಲೆಗೇ. ಉಸಿರಾಡಲು ಬಿಡುವಿಲ್ಲ. ಬಂದಾಗ ಎಲ್ಲ ಮಾತಾಡೋಣ.

ನಿಮ್ಮ ಸೊಸೆ


ಜೂನ್ 22

ಸೊಸೆಗೆ,

ನಿನ್ನ ಪತ್ರ ತಲುಪಿತು. ಕೆಲಸ ದೊಡ್ಡದು, ಒಪ್ಪಿದೆ. ಮನೆ ಎಲ್ಲಿಗೂ ಹೋಗುವುದಿಲ್ಲ, ನಿನಗೆ ಅನುಕೂಲವಾದಾಗ ಬಾ. ನನ್ನ ಕಡೆಯಿಂದ ಬಲವಂತವಿಲ್ಲ.

ಅತ್ತೆ


ಜುಲೈ 8

ಅತ್ತೆಯವರಿಗೆ,

ಹೋದ ತಿಂಗಳ ನಿಮ್ಮ ಪತ್ರ ಓದಿದಾಗಲೇ ನನಗೆ ಅರ್ಥವಾಗಬೇಕಿತ್ತು. ಆದರೂ ಬಂದೆವು. ಮೂರು ಮಹಡಿ ಹತ್ತಿ ನೋಡಿದರೆ ಬೀಗ. ಮೆಣಸು, 'ಅಜ್ಜಿ ಬಚ್ಚಿಟ್ಟುಕೊಂಡಿದ್ದಾರೆ' ಎಂದು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದಳು. ಕೂಗಿ ಸಾಕಾಗಿ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದಳು. ಎದುರು ಮನೆಯವರು ಪಿಟೀಲು ಹಿಡಿದುಕೊಂಡೇ ಹೊರಗೆ ಬಂದರು.

"ಅವರು ತಂಗಿ ಮನೆಗೆ ಹೋದ್ರಲ್ಲಮ್ಮ. ವಾರ ಆಗುತ್ತೆ ಬರೋದು."

"ನಾವು ಬರ್ತೀವಿ ಅಂತ ಹೇಳಿರಲಿಲ್ವಾ?"

"ನಾನೂ ಕೇಳ್ದೆ, ಯಾರಾದ್ರೂ ಬಂದ್ರೆ ಏನು ಹೇಳ್ಲಿ ಅಂತ. ಯಾರೂ ಬರೋರಿಲ್ಲ ಅಂದ್ರು."

ಅವರು ಒಳಗೆ ಕರೆದು ನೀರು ಕೊಟ್ಟರು. ನನಗೆ ನಿಲ್ಲಲಾಗಲಿಲ್ಲ. ಸ್ಟೇಷನ್ ಹತ್ತಿರ ಒಂದು ಕೋಣೆ ಹಿಡಿದು, ಮರುದಿನವೇ ವಾಪಸಾದೆವು. ದಾರಿಯುದ್ದಕ್ಕೂ ಮೆಣಸು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಿಮಗೆ ವಿಷಯ ಯಾರಿಂದಲೋ ತಿಳಿದಿರಬೇಕು. ತಿಳಿದಿದ್ದರೆ ನನ್ನನ್ನು ಬೈಯಬಹುದಿತ್ತು. ಬೈಸಿಕೊಳ್ಳಲೆಂದೇ ಬಂದಿದ್ದೆ. ಮಗುವಿನ ಎದುರಿಗೆ ಬೀಗ ತೋರಿಸಬಾರದಿತ್ತು.

ಸೊಸೆ


ಜುಲೈ 10

ಸೊಸೆಗೆ,

ಯಾರು ಯಾರಿಗೆ ಬೀಗ ತೋರಿಸಿದ್ದು? ಜೂನ್ ಏಳರಂದು ಬರುತ್ತೇನೆ ಎಂದವಳು ನೀನು. ಆ ದಿನವೆಲ್ಲ ಬಾಗಿಲು ತೆರೆದಿಟ್ಟುಕೊಂಡು ಕೂತವಳು ನಾನು. ಸ್ಟೇಷನ್ನಿಗೂ ಹೋಗಿ ಬಂದೆ, ಕೇಳು ಮೇಷ್ಟ್ರನ್ನು. ಬರಲಿಲ್ಲ, ಯಾಕೆ ಬರಲಿಲ್ಲ ಎಂಬ ಒಂದು ಸಾಲಿಲ್ಲ. ಹತ್ತು ಹನ್ನೆರಡು ದಿನ ಕಳೆದಮೇಲೆ 'ಬಂದಾಗ ಮಾತಾಡೋಣ' ಎಂದು, ಏನೂ ನಡೆಯದ ಹಾಗೆ. ಮನೆಯಲ್ಲಿ ಕೂತರೆ ಆ ಬಾಗಿಲೇ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೇ ತಂಗಿಯ ಮನೆಗೆ ಹೋದೆ. ತಿಂಗಳು ಬಿಟ್ಟು ಮನಸ್ಸು ಬಂದಾಗ ಬಂದು, ಬೀಗ ನೋಡಿ ನನ್ನ ಮೇಲೇ ಹಾರುತ್ತೀಯಾ?

ಮಗು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿತು ಎಂದು ಬರೆದೆಯಲ್ಲ, ಆ ಒಂದು ಸಾಲು ನನ್ನನ್ನು ಕೂರಲು ಬಿಡುತ್ತಿಲ್ಲ, ನಿಲ್ಲಲು ಬಿಡುತ್ತಿಲ್ಲ. ಒಂದು ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದು ಬಿಚ್ಚಿದೆ.

ಅತ್ತೆ


ಜುಲೈ 11

ಅತ್ತೆ,

ಜೂನ್ ಏಳಾ? ನಾನು ಬರೆದದ್ದು ಜುಲೈ ಆರು.

ಈಗ ನನ್ನ ಹಳೆಯ ಪತ್ರ ತೆಗೆದು ನೋಡಿದೆ. 7/6 ಎಂದಿದೆ. ಇಲ್ಲಿಯವರು ತಿಂಗಳನ್ನು ಮೊದಲು ಬರೆಯುತ್ತಾರೆ, ದಿನ ಆಮೇಲೆ. ಕೆಲಸಕ್ಕೆ ಸೇರಿದ ದಿನವೇ ನನ್ನ ಫೋನಿನ ಸೆಟ್ಟಿಂಗಿನಲ್ಲೂ 'ಪ್ರದೇಶ' ಎಂಬಲ್ಲಿ ಈ ಕಡೆಯದನ್ನೇ ಹಾಕಿಕೊಟ್ಟರು. ದಿನವಿಡೀ ಅದನ್ನೇ ನೋಡಿ ನೋಡಿ ನಾನೂ ಇಲ್ಲಿಯವಳ ಹಾಗೆಯೇ ಓದುತ್ತೇನೆ. ನನಗೆ ಏಳು ಎಂದರೆ ತಿಂಗಳು. ನಿಮ್ಮ ಟ್ಯಾಬು ನಿಮ್ಮೂರಿನದು, ಅದಕ್ಕೆ ಏಳು ಎಂದರೆ ದಿನ. ನೀವು ನೀಲಿ ಗೆರೆ ಮುಟ್ಟಿದಿರಿ, ಅದು ತನ್ನ ರೂಢಿಯಂತೆ ಜೂನಿಗೆ ಬರೆದುಕೊಂಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ದಿನ ಹನ್ನೆರಡರ ಮೇಲೆ ಇದ್ದಿದ್ದರೆ ನಾವು ಬಚಾವಾಗುತ್ತಿದ್ದೆವು. ಹದಿಮೂರನೇ ತಿಂಗಳು ಯಾವ ಊರಲ್ಲೂ ಇಲ್ಲ.

ಆಸ್ಪತ್ರೆಯಲ್ಲಿ ಇಂಥದ್ದು ಒಂದು ಸಲ ಆಗಿ, ಹೊರಗಿನ ಊರಿಂದ ಬಂದ ಮುದುಕರೊಬ್ಬರು ಬೇಸಿಗೆಯ ಬದಲು ಚಳಿಗಾಲದಲ್ಲಿ ಬಂದಿದ್ದರು. ಎಲ್ಲರೂ ನಕ್ಕಿದ್ದೆವು. ನಾನೂ ನಕ್ಕಿದ್ದೆ.

ನೀವು ಸ್ಟೇಷನ್ನಿಗೆ ಹೋಗಿದ್ದಿರಿ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಮೆಣಸಿಗೆ ಹೇಳಿದೆ. 'ಅಂದ್ರೆ ಅಜ್ಜಿ ಮೊದಲೇ ಕಾದ್ರು, ನಾವು ಆಮೇಲೆ ಕಾದ್ವಿ' ಎಂದಳು. ಆಮೇಲೆ ಊಟ ಕೇಳಿದಳು.

ಮತ್ತೆ ರಜೆ ಯಾವಾಗ ಸಿಗುತ್ತದೋ ಗೊತ್ತಿಲ್ಲ.

ನಿಮ್ಮ ಸೊಸೆ


ಆಗಸ್ಟ್ 11

ಚಿರಂಜೀವಿ ಸೊಸೆಗೆ,

ಕೂಡಲೇ ಉತ್ತರ ಬರೆಯಲಿಲ್ಲ. ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಯಾಕೋ ಎರಡು ದಿನ ಊಟ ಸೇರಲಿಲ್ಲ.

ನಿನ್ನ ದಿನಗಳು ಇನ್ನು ಮುಂದೆ ತಪ್ಪದಿರಲಿ ಎಂದು ನಾನೇ ಟ್ಯಾಬಿನ ಸೆಟ್ಟಿಂಗಿನೊಳಗೆ ಹೊಕ್ಕು, 'ಪ್ರದೇಶ' ಎಂದಿರುವಲ್ಲಿ ನಿಮ್ಮ ಕಡೆಯದನ್ನು ಇಟ್ಟೆ. ಬಹಳ ಜಾಣೆ ಎಂದುಕೊಂಡೆ. ಮರೆತದ್ದು ಒಂದೇ, ಅಂಗಡಿಯ ಗಿರಾಕಿಗಳ ದಿನಗಳೂ ಅದರಲ್ಲೇ ಇದ್ದವು. ಪಿಟೀಲು ಮೇಷ್ಟ್ರ ಕೋಟು ಆಗಸ್ಟ್ ಹತ್ತಕ್ಕೆ ಬೇಕಿತ್ತು. ಅಲ್ಲಿ 8/10 ಎಂದು ಕಾಣಿಸಿತು. ಕಣ್ಣು ಹಳೆಯ ರೂಢಿಯಲ್ಲೇ ಓದಿತು, ಅಕ್ಟೋಬರ್ ತಾನೆ, ಅವಸರವೇನು ಎಂದು ಕೆಳಗೆ ತಳ್ಳಿದೆ. ನಿನ್ನೆ ಬೆಳಗ್ಗೆ ಅವರು ಸ್ನಾನ ಮಾಡಿ, ತಲೆ ಬಾಚಿ, ಕೋಟು ಕೇಳಿಕೊಂಡು ಬಂದರು. ಕೋಟಿಗೆ ಒಂದೇ ತೋಳಿತ್ತು.

"ಪರವಾಗಿಲ್ಲ, ಪಿಟೀಲು ಹಿಡಿಯೋ ಕಡೆ ತೋಳು ಇದ್ರೆ ಸಾಕು" ಎಂದರು. ಸಂಜೆಯ ಕಾರ್ಯಕ್ರಮಕ್ಕೆ ಹಳೆಯ ಕೋಟಿನಲ್ಲೇ ಹೋದರು. ನನ್ನ ಮಾನ ಹರಾಜಾಯಿತು. ಎಲ್ಲವನ್ನೂ ಮೊದಲಿನಂತೆ ಮಾಡಿದ್ದೇನೆ.

ಯಂತ್ರದ ತಪ್ಪು ತಿದ್ದಿದ್ದಾಯಿತು. ಈಗ ನಮ್ಮದು. ಬೀಗ ನೋಡಿದ ತಕ್ಷಣ 'ನಿಮಗೆ ವಿಷಯ ತಿಳಿದಿರಬೇಕು' ಎಂದು ಬರೆದೆಯಲ್ಲ. ನೀನು ಬರಲಿಲ್ಲ ಎಂದಾಗ ನನಗೆ ಹೊಳೆದದ್ದೂ ಅದೇ ವಿಷಯ. ಲಿಫ್ಟ್ ಮಾಮ ಯಾರು? ಎದುರು ಕೂತು ಹೇಳುವ ದಿನಕ್ಕೆ ನಾನು ಕಾಯಲಾರೆ. ಬರೆ.

ನಿನ್ನ ಅತ್ತೆ


ಆಗಸ್ಟ್ 13

ಪ್ರೀತಿಯ ಅತ್ತೆಗೆ,

ಬರೆಯುತ್ತೇನೆ. ಅವರು ನಮ್ಮ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವವರು. ಒಂದು ದಿನ ನಾನೂ ಗಾಲಿಕುರ್ಚಿಯ ರೋಗಿಯೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡೆವು. ಆ ಅಜ್ಜಿ ಹೆದರಿ ಅಳುತ್ತಿದ್ದರು. ಇವರು ಮೇಲಿನಿಂದ ಬಗ್ಗಿ, ಬಾಗಿಲು ತೆರೆಯುವವರೆಗೂ ಅವರ ಜೊತೆ ಅವರೂರಿನ ಹವಾಮಾನದ ಬಗ್ಗೆ ಮಾತಾಡುತ್ತಲೇ ಇದ್ದರು. ಅಲ್ಲಿಂದ ಶುರುವಾಯಿತು. ಮದುವೆ ಮಾಡಿಕೊಳ್ಳೋಣ ಎಂದಿದ್ದಾರೆ. ನಾನು ಹೂಂ ಎಂದಿದ್ದೇನೆ.

ನಿಮ್ಮ ಒಪ್ಪಿಗೆ ಕೇಳಬೇಕಾದ ಕಾನೂನು ಯಾವುದೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ನಿಮ್ಮೊಬ್ಬರಿಗೆ ಹೇಳದೆ ಒಂದು ಹೆಜ್ಜೆಯೂ ಇಡಲಾಗುತ್ತಿಲ್ಲ. ನಿಮ್ಮ ಮಗನನ್ನು ನಾನು ಮರೆತೆ ಎಂದುಕೊಳ್ಳಬೇಡಿ. ಮರೆಯುವಂತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ 21

ಅಮ್ಮನವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದಿದ್ದೇನೆ. ತಪ್ಪಾಗಿದ್ದರೆ ಹೊಡೆದುಹಾಕಿ. ನಾನು ಲಿಫ್ಟ್ ರಿಪೇರಿಯವನು. ಬರೆದು ಅಭ್ಯಾಸವಿಲ್ಲ. ನಿಮ್ಮ ಸೊಸೆಗೆ ತಿಳಿಸದೆ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ಮೆಣಸು.

ಅವರು ನಿಮಗೆ ನಾಲ್ಕು ಪತ್ರ ಹಾಕಿದ್ದಾರೆ. ಉತ್ತರ ಬಂದಿಲ್ಲ. ಮದುವೆ ಮಾತು ನಿಲ್ಲಿಸಿದ್ದಾರೆ. ನಾನು ಅದನ್ನು ಕೇಳಲು ಬರೆಯುತ್ತಿಲ್ಲ. ರೋಗಿಯ ಕಾಲು ಕೈಯಲ್ಲಿ ಹಿಡಿದುಕೊಂಡೇ ಅವರು ಫೋನಿನ ಕಡೆ ನೋಡುತ್ತಾರೆ. ನೋಡಿ ನನಗೆ ತಡೆಯಲಾಗುವುದಿಲ್ಲ. ಹೂಂ ಎನ್ನಬೇಡಿ, ಬೇಕಾದರೆ ಉಗಿಯಿರಿ, ಆದರೆ ಏನಾದರೂ ಬರೆಯಿರಿ. ನಡುವೆ ಸಿಕ್ಕಿಕೊಂಡವರಿಗೆ ಮೇಲಿನಿಂದ ಒಂದು ದನಿ ಕೇಳಿದರೆ ಸಾಕಾಗುತ್ತದೆ. ನನ್ನ ಕೆಲಸದಲ್ಲಿ ನಾನು ಕಲಿತದ್ದು ಅಷ್ಟೇ.

ಲಿಫ್ಟಿನವನು


ಸೆಪ್ಟೆಂಬರ್ 23

ಲಿಫ್ಟಿನವರಿಗೆ,

ಅವಳಿಗೆ ಬರೆಯಲು ಕೂತರೆ ಮಗನ ಮುಖ ಅಡ್ಡ ಬರುತ್ತದೆ. ನಿಮಗೆ ಬರೆಯಲು ಅಡ್ಡಿಯಿಲ್ಲ, ನಿಮ್ಮ ಮುಖವನ್ನೇ ನಾನು ಕಂಡಿಲ್ಲ.

ಕುಡಿಯುತ್ತೀರಾ? ಮಗುವಿನ ಮೇಲೆ ದನಿ ಎತ್ತುತ್ತೀರಾ? ನಿಮ್ಮ ಕಡೆಯವರು ನನ್ನ ಸೊಸೆಯನ್ನು ಏನೆಂದು ಕರೆಯುತ್ತಾರೆ? ಮಾತಿನಲ್ಲಿ ನೀವು ಜಾಣರೇ ಇರಬಹುದು. ನಮ್ಮ ಕಟ್ಟಡದ ಲಿಫ್ಟು ಏಪ್ರಿಲ್‌ನಿಂದ ನಿಂತಿದೆ. ಮೂರು ಜನ ಬಂದು ನೋಡಿ, ತಲೆ ಕೆರೆದುಕೊಂಡು ಹೋದರು. ಅದೂ ಮಾತಿಗೆ ಮೇಲೆ ಬರುವುದಾದರೆ ಹೇಳಿ.

ಮೆಣಸಿನ ಅಜ್ಜಿ


ಅಕ್ಟೋಬರ್ 12

ಚಿರಂಜೀವಿ ಸೊಸೆಗೆ,

ನಿನ್ನ ಲಿಫ್ಟಿನವನು ನಿನಗೆ ಎಷ್ಟು ಹೇಳಿದ್ದಾನೋ ಗೊತ್ತಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ.

ಹೋದ ಭಾನುವಾರ ಯಾರೋ ಬಾಗಿಲು ತಟ್ಟಿದರು. ತೆರೆದರೆ ಒಬ್ಬ ಕುಳ್ಳಗಿನ ಮನುಷ್ಯ, ಕೈಯಲ್ಲಿ ಭಾರದ ಚೀಲ. "ಲಿಫ್ಟ್ ನೋಡೋಕೆ ಬಂದೆ, ನೀವೇ ಬರೆದಿದ್ರಲ್ಲ" ಎಂದ. ಚುಚ್ಚಲೆಂದು ಬರೆದದ್ದನ್ನು ಕೆಲಸ ಎಂದು ತಿಳಿದು ರೈಲು ಹತ್ತಿ ಬಂದಿದ್ದಾನೆ. ಒಳಗೆ ಬಾ ಎನ್ನಲಿಲ್ಲ ನಾನು. ಅವನೂ ಕಾಯಲಿಲ್ಲ. ಕಟ್ಟಡದವರಿಗೆ ಹೇಳಿ ಬೀಗ ತೆಗೆಸಿ, ಕರೆಂಟು ತೆಗೆದು, ಲಿಫ್ಟಿನ ತಳದ ಹೊಂಡಕ್ಕೆ ಇಳಿದುಬಿಟ್ಟ.

ನಾನು ಮೆಟ್ಟಿಲ ಮೇಲೆ ಕೂತೆ. ಅವನು ಬೀಳುತ್ತಾನೋ ಎಂದು ನೋಡಲು ಎಂದುಕೊಂಡೆ. ಕೆಳಗಿನಿಂದ ಟಾರ್ಚಿನ ಬೆಳಕು ಅಲ್ಲಾಡುತ್ತಿತ್ತು, ಸುತ್ತಿಗೆ ಸದ್ದು. ಮುಖ ಕಾಣದಿದ್ದರೆ ಮಾತು ಸುಲಭ ನೋಡು.

"ನನ್ನ ಮಗನ ಮಾತು ಮನೇಲಿ ಬರುತ್ತಾ?" ಎಂದು ಕೇಳಿದೆ.

"ದಿನಾ ಬರುತ್ತೆ. ಮೆಣಸು ಕೇಳ್ತಾಳೆ, ಅಪ್ಪ ಚಿಕ್ಕೋರಿದ್ದಾಗ ಹೇಗಿದ್ರು ಅಂತ."

"ಏನು ಹೇಳ್ತೀರಿ?"

"ನನಗೆ ಗೊತ್ತಿಲ್ಲ ಅಂತೀನಿ. ಅವಳ ಅಮ್ಮನಿಗೂ ಚಿಕ್ಕಂದಿನದು ಗೊತ್ತಿಲ್ಲ. ಅದು ನಿಮ್ಮ ಹತ್ರ ಮಾತ್ರ ಇರೋದು."

"ಹಾಗಾದ್ರೆ ನನ್ನಿಂದ ಏನೋ ಬೇಕಾಗಿ ಬಂದಿದ್ದೀರಿ."

"ಹೌದಮ್ಮ" ಎಂದ. ಸುತ್ತಿಗೆ ಕೆಳಗಿಟ್ಟ ಸದ್ದಾಯಿತು. "ಅವರು ಎಂಥೋರು?"

ಮೂರು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಂಥ ಒಳ್ಳೆಯವನಿದ್ದ ಎಂದು ಅವರವರೇ ಹೇಳಿ ಮುಗಿಸುತ್ತಿದ್ದರು. ನಾನು ಆ ಕತ್ತಲೆಗೆ ಹೇಳುತ್ತ ಹೋದೆ. ಬೆಳಗ್ಗೆ ಎಬ್ಬಿಸಲು ಮುಖಕ್ಕೆ ನೀರು ಚಿಮುಕಿಸಬೇಕಿತ್ತು ಎಂದು. ಹಾಡಲು ಬರುತ್ತಿರಲಿಲ್ಲ, ಹಾಡದೆ ಇರಲೂ ಬರುತ್ತಿರಲಿಲ್ಲ ಎಂದು. ನನ್ನ ಸೂಜಿಗಳನ್ನೆಲ್ಲ ಅಯಸ್ಕಾಂತಕ್ಕೆ ಅಂಟಿಸಿ, ಮುಳ್ಳುಹಂದಿ ಎಂದು ತೋರಿಸಿ ಪೆಟ್ಟು ತಿಂದದ್ದು. ಸಿಟ್ಟು ಬಂದರೆ ಮಾತು ಬಿಡುತ್ತಿದ್ದದ್ದು, ನನ್ನ ಹಾಗೆಯೇ. ಅವನು ಕೆಳಗಿನಿಂದ ನಕ್ಕ. ಅದೇ ವಿಡಿಯೋದಲ್ಲಿ ಕೇಳಿದ ನಗು. ಆವತ್ತು ಮೈ ಉರಿದಿತ್ತು. ಈಗ ಉರಿಯಲಿಲ್ಲ ಎಂದು ಬರೆದರೆ ಸುಳ್ಳು, ಸ್ವಲ್ಪ ಉರಿಯಿತು.

ಸಂಜೆಯ ಹೊತ್ತಿಗೆ ಲಿಫ್ಟು ಒಂದು ಸಲ ನರಳಿ ಮೇಲೆ ಬಂತು. ಅವನು ಅದರೊಳಗಿಂದ ಮೈಯೆಲ್ಲ ಎಣ್ಣೆಮಸಿ ಮಾಡಿಕೊಂಡು ಇಳಿದ. ಅಂಗಿಯ ತೋಳು ಹರಿದಿತ್ತು. "ಬಿಚ್ಚಿ ಕೊಡಿ, ಹೊಲಿದು ಕೊಡ್ತೀನಿ" ಎಂದೆ. ಆಗ ಒಳಗೆ ಬಂದ.

ನಿನ್ನ ಪತ್ರಗಳಿಗೆ ಉತ್ತರ ಕೊಡದೆ ನಿನ್ನನ್ನು ಒಣಗಿಸಿದೆ. ಒಪ್ಪಿಗೆ ಕೊಡಲು ನಾನು ಯಾರು ಎಂಬುದೊಂದು, ಕೊಟ್ಟಮೇಲೆ ನಾನು ಯಾರು ಎಂಬುದೊಂದು, ಎರಡೂ ಸೇರಿ ಬೆರಳು ಕಟ್ಟಿಹಾಕಿದ್ದವು. ದಿನ ಗೊತ್ತು ಮಾಡು. ಬರುತ್ತೇನೆ.

ನಿನ್ನ ಅತ್ತೆ


ಅಕ್ಟೋಬರ್ 14

ಅತ್ತೆ,

ನವೆಂಬರ್ ತಿಂಗಳ ಹದಿನಾಲ್ಕನೇ ತಾರೀಕು, ಶುಕ್ರವಾರ. ನೀವು ಯಾವ ಗೆರೆಯನ್ನೂ ಮುಟ್ಟಬೇಡಿ, ನಾನೇ ಬಂದು ಕರೆದುಕೊಂಡು ಬರುತ್ತೇನೆ.

ಅವರು ನನಗೆ ಹೇಳಿದ್ದು ಇಷ್ಟೇ: 'ಕೇಬಲ್ ಚೆನ್ನಾಗಿತ್ತು, ಬಾಗಿಲ ಸ್ವಿಚ್ಚು ಹೋಗಿತ್ತು, ನಿಮ್ಮತ್ತೆ ಅಂಗಿ ಹೊಲಿದುಕೊಟ್ಟರು.' ಆ ಅಂಗಿಯನ್ನು ಹಿಡಿದು ಎಷ್ಟು ಹೊತ್ತು ಅತ್ತೆನೋ. ಅವರು ಗಾಬರಿಯಾಗಿ ಹೊಲಿಗೆ ಬಿಚ್ಚಿತಾ ಎಂದು ಕೇಳಿದರು.

ನಿಮ್ಮ ಸೊಸೆ


ನವೆಂಬರ್ 18

ಚಿರಂಜೀವಿ ಸೊಸೆಗೆ,

ಸುಖವಾಗಿ ಮನೆ ಸೇರಿದೆ. ರೈಲಿನಲ್ಲಿ ಪಕ್ಕದವಳು, "ಮದುವೆ ಮನೆಯಿಂದಾ? ಯಾರ ಮದುವೆ?" ಎಂದು ಕೇಳಿದಳು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಮನೆಗೆ ಬಂದು ಎರಡು ದಿನ ಮಗನ ಫೋಟೋ ಇರುವ ಗೋಡೆಯ ಕಡೆ ತಿರುಗಲಿಲ್ಲ. ಅಡಿಗೆಮನೆಯಲ್ಲೇ ಹೊಲಿಗೆ ಇಟ್ಟುಕೊಂಡೆ. ಇವತ್ತು ಧೂಳು ಒರೆಸುವ ನೆಪದಲ್ಲಿ ಹೋಗಿ ನೋಡಿದೆ. ಅವನು ಎಂದಿನ ಹಾಗೆಯೇ ಇದ್ದ. ನನಗೇ ಅಳು ಬಂತು, ಅತ್ತುಬಿಟ್ಟೆ, ಆಮೇಲೆ ಹಸಿವಾಯಿತು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ದಿನ ಮದುವೆ ಬರೆಸುವ ಕಚೇರಿಯಲ್ಲಿ, ಸಾಕ್ಷಿಗಳನ್ನು ಒಳಗೆ ಕರೆದಾಗ ನೀನು ಹೊರಗೆ ಮೆಣಸಿನ ಜಡೆ ಕಟ್ಟುತ್ತಿದ್ದೆ. ನಾನು ಸಹಿ ಹಾಕಲು ಹೋದೆ. ಅಧಿಕಾರಿ ತಲೆ ಎತ್ತದೆ ಕೇಳಿದ.

"ಏನಾಗಬೇಕು? ಗಂಡಿನ ತಾಯಿನಾ?"

"ಅಲ್ಲ."

"ಹೆಣ್ಣಿನ ತಾಯಿ?"

"ಅಲ್ಲ."

"ಮತ್ತೆ?"

"ಹುಡುಗಿಗೆ ಅತ್ತೆ."

"ಅಲ್ಲಮ್ಮ, ಅತ್ತೆ ಅಂದ್ರೆ ಗಂಡಿನ ತಾಯಿನೇ ಆಯ್ತಲ್ಲ."

"ಈ ಗಂಡಿನ ತಾಯಿ ಅಲ್ಲ" ಎಂದೆ.

ಅವನು ಆಗ ಕನ್ನಡಕ ತೆಗೆದು ನನ್ನನ್ನು ನೋಡಿದ. ಬಾಗಿಲಾಚೆ ಜಡೆ ಹಿಡಿದು ನಿಂತಿದ್ದ ನಿನ್ನನ್ನೂ ನೋಡಿದ. ಇನ್ನೇನೋ ಕೇಳುತ್ತಾನೆ, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ ಎಂದುಕೊಂಡೆ. ಅವನೇನೂ ಕೇಳಲಿಲ್ಲ. 'ಸಂಬಂಧ' ಎಂದಿದ್ದ ಖಾಲಿ ಜಾಗ ತೋರಿಸಿ, ಪೆನ್ನು ನನ್ನ ಕಡೆ ತಳ್ಳಿ, "ನೀವೇ ಬರೀರಿ" ಎಂದ.

ಬರೆದೆ.

ನಿನ್ನ ಅತ್ತೆ